ಪದಚರ್ಚೆ: ಲೈಬ್ರರಿಯ ‘ಆಕ್ಸೆಸ್’ಗೆ ‘ಪ್ರವೇಶ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಆಕ್ಸೆಸ್’ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ವಾರದಿಂದ ತಲೆ ತಿನ್ನುತ್ತಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಬೈಕೋಬೇಡಿ.

ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಜರ್ನಲ್ ಲೇಖನ, ಥೀಸಿಸ್, ಇ-ಪುಸ್ತಕ ಇವನ್ನೆಲ್ಲ ಹುಡುಕಿ ಓದುವುದು ಹೇಗೆ ಅಂತ ಎಂ.ಎ., ಪಿಎಚ್.ಡಿ. ಮಕ್ಕಳಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ತಯಾರು ಮಾಡುತ್ತಿದ್ದೇವೆ. ಅದಕ್ಕೆ ಮುಂಚೆ ಬಾಗಿಲ ಹತ್ತಿರ ಒಂದು ನೋಟಿಸು ಹಾಕಿದೆವು: ‘ಇ-ಸಂಪನ್ಮೂಲಗಳಿಗೆ ಪ್ರವೇಶ ಪಡೆಯಲು ಕೌಂಟರಿನಲ್ಲಿ ವಿಚಾರಿಸಿ’. ಮಾರನೇ ದಿನ ಒಬ್ಬ ಹುಡುಗಿ ಬಂದು ‘ಸಾರ್, ಇದಕ್ಕೆ ಕೊನೇ ದಿನಾಂಕ ಯಾವಾಗ, ಫೀಸ್ ಎಷ್ಟು?’ ಅಂತ ಕೇಳಿದಳು. ಹೊಸ ಕೋರ್ಸ್ ಅಂದುಕೊಂಡಿದ್ದಳು ಪಾಪ.

ತಪ್ಪು ಅವಳದಲ್ಲ. ಕಾಲೇಜಿನ ಗೇಟಿನೊಳಗೆ ‘ಪ್ರವೇಶ’ ಅಂದರೆ ಅಡ್ಮಿಶನ್ನು. ಪ್ರವೇಶ ಪತ್ರ, ಪ್ರವೇಶ ಶುಲ್ಕ, ಪ್ರವೇಶ ಪರೀಕ್ಷೆ. ಗೇಟಿನ ಹೊರಗೆ ಬಂದರೆ ಗೃಹಪ್ರವೇಶ, ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಬೋರ್ಡು. ಎಲ್ಲದರಲ್ಲೂ ಮನುಷ್ಯ ಕಾಲೆತ್ತಿ ಹೊಸಿಲು ದಾಟಬೇಕು. ನಮ್ಮ ಓದುಗ ಹಾಸ್ಟೆಲ್ಲಿನ ಮಂಚದ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಾನೆ, ಲೇಖನವೇ ಅವನ ಹತ್ತಿರ ಬರಬೇಕು. ಯಾರು ಯಾವುದರೊಳಗೆ ಪ್ರವೇಶ ಮಾಡಿದರು ಹೇಳಿ?

ತಮಾಷೆ ಅಂದರೆ, ಗ್ರಂಥಾಲಯದವರ ಹಳೇ ಮಾತಿಗೆ ‘ಪ್ರವೇಶ’ ಚೆನ್ನಾಗಿಯೇ ಒಪ್ಪುತ್ತಿತ್ತು. ಮೊದಲೆಲ್ಲ ಬಹಳ ಕಡೆ ಓದುಗರನ್ನು ಪುಸ್ತಕದ ರ್‍ಯಾಕಿನ ಹತ್ತಿರ ಬಿಡುತ್ತಿರಲಿಲ್ಲ. ಚೀಟಿ ಬರೆದು ಕೊಟ್ಟು ಕಾಯಬೇಕು, ಒಳಗಿನವರು ತಂದು ಕೊಡಬೇಕು. ಅದು ಕ್ಲೋಸ್ಡ್ ಆಕ್ಸೆಸ್. ಓದುಗರೇ ಒಳಗೆ ಹೋಗಿ ಬೇಕಾದ್ದನ್ನು ಎಳೆದು ನೋಡಬಹುದಾದರೆ ಓಪನ್ ಆಕ್ಸೆಸ್. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಬೇಕು ಬೇಕು ಅಂತ ಒತ್ತಿ ಹೇಳಿದ್ದು ಈ ಓಪನ್ ಆಕ್ಸೆಸ್ಸನ್ನೇ. (ಅವರು 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅವರು ಕಟ್ಟಿದ ಡಾಕ್ಯುಮೆಂಟೇಶನ್ ಕೇಂದ್ರ ಈಗಲೂ ಅಲ್ಲೇ ಇದೆ.) ಆ ಅರ್ಥಕ್ಕೆ ‘ಮುಕ್ತ ಪ್ರವೇಶ’ ಸರಿ, ನಿಜವಾಗಿಯೂ ಒಳಗೆ ಕಾಲಿಡುತ್ತಾರಲ್ಲ. ಆದರೆ 2002ರ ಬುಡಾಪೆಸ್ಟ್ ಘೋಷಣೆ ಆದಮೇಲೆ ಓಪನ್ ಆಕ್ಸೆಸ್ ಅಂದರೆ ಬೇರೆಯೇ ಆಯಿತು. ಸಂಶೋಧನಾ ಲೇಖನ ಜಾಲದಲ್ಲಿ ಕಾಸಿಲ್ಲದೆ ಯಾರಿಗೆ ಬೇಕಾದರೂ ಸಿಗಬೇಕು, ಓದಲಿಕ್ಕೆ, ಇಳಿಸಿಕೊಳ್ಳಲಿಕ್ಕೆ, ಹಂಚಲಿಕ್ಕೆ ಅಡ್ಡಿ ಇರಬಾರದು ಅನ್ನುವುದು. ಇಂಗ್ಲಿಷಿನವರು ಹಳೇ ಪದಕ್ಕೇ ಹೊಸ ಅರ್ಥ ತುಂಬಿದರು. ನಾವು ಹಳೇ ಅನುವಾದವನ್ನೇ ಹೊಸದಕ್ಕೂ ಎಳೆದು ಹೊದಿಸಿದೆವು. ಕಾಲು ಹೊರಗೇ ಉಳಿಯಿತು.

ಸರಿ, ‘ಲಭ್ಯ’ ಅನ್ನೋಣ ಅಂದರು ನಮ್ಮ ಸಹೋದ್ಯೋಗಿ. ನನಗೆ ಅದರ ಮೇಲೂ ಅನುಮಾನ. ಕೌಂಟರಿನಲ್ಲಿ ದಿನಾ ಕೇಳುವ ಮಾತು ಯಾವುದು ಗೊತ್ತಾ? ‘ಇದೆ ಅಂತ ತೋರಿಸುತ್ತೆ ಸಾರ್, ಆದ್ರೆ ಸಿಗ್ತಿಲ್ಲ.’ ಪುಸ್ತಕ ಕ್ಯಾಟಲಾಗಿನಲ್ಲಿ ಇದೆ, ರ್‍ಯಾಕಿನಲ್ಲಿ ಇಲ್ಲ. ಲೇಖನದ ಸಾರಾಂಶ ಕಾಣುತ್ತದೆ, ಪೂರ್ತಿ ಓದಲು ಹೋದರೆ ಡಾಲರ್ ಕೇಳುತ್ತದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಎಲ್ಲರ ಪರವಾಗಿ ಜರ್ನಲ್ ಚಂದಾ ಕಟ್ಟುವ ‘ಒಂದು ದೇಶ ಒಂದು ಚಂದಾ’ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕೈಕೆಳಗಿನ 6,300ಕ್ಕೂ ಜಾಸ್ತಿ ಸಂಸ್ಥೆಗಳಿಗೆ. (ಇದರ ಹೆಸರು ಕೇಳಿದ ಅಟೆಂಡರ್ ಒಬ್ಬರು ‘ಗಣಪತಿ ಹಬ್ಬದ ಚಂದಾ ಎತ್ತೋದನ್ನೂ ಒಂದೇ ಮಾಡಿಬಿಟ್ರಾ?’ ಅಂದರು. ಚಂದಾ ಪದದ ಮೇಲೆ ಇನ್ನೊಂದು ದಿನ ಬರೆಯುತ್ತೇನೆ.) ಈಗ ಆ ಜರ್ನಲ್ಲುಗಳು ನಮ್ಮಲ್ಲಿ ‘ಲಭ್ಯ’ ಅನ್ನುವುದು ನಿಜ. ಆದರೆ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಿ ಸಂಜೆ ಐದಕ್ಕೆ ತೆರೆದ ಅದೇ ಲೇಖನ, ರಾತ್ರಿ ಬಾಡಿಗೆ ರೂಮಿನಲ್ಲಿ ತಮ್ಮದೇ ಡೇಟಾದಲ್ಲಿ ನೋಡಿದರೆ ತೆರೆಯುವುದಿಲ್ಲ. ಪ್ರಕಾಶಕರ ಸರ್ವರ್ ಗುರುತು ಹಿಡಿಯುವುದು ಕ್ಯಾಂಪಸ್ಸಿನ ಐಪಿ ವಿಳಾಸವನ್ನು (ಅಂದರೆ ಅಂತರ್ಜಾಲದಲ್ಲಿ ಅದರ ಗುರುತಿನ ಸಂಖ್ಯೆಯನ್ನು), ಹುಡುಗನ ಮುಖವನ್ನಲ್ಲ. ಹೊರಗಿನಿಂದ ಬೇಕಾದರೆ ಸಂಸ್ಥೆ ಕೊಟ್ಟ ಲಾಗಿನ್ ಹಾಕಬೇಕು. ಈ ವ್ಯತ್ಯಾಸ ಹೇಳಲಿಕ್ಕೇ ಕೈಪಿಡಿ ಬರೆಯುತ್ತಿರುವುದು. ‘ಲಭ್ಯ’ ಅಂದರೆ ಎರಡೂ ಒಂದೇ ಆಗಿಬಿಡುತ್ತದೆ, ಅಲ್ವಾ?

ಇಲ್ಲೊಂದು ಅಡ್ಡ ಮಾತು, ಈ ಗುಂಪಿನವರಿಗೆ ಇಷ್ಟವಾಗಬಹುದು. ಆ ಹೊರಗಿನ ಲಾಗಿನ್ನಿಗೆ ಬಳಸುವ ಒಂದು ತಂತ್ರಾಂಶದ ಹೆಸರು ಶಿಬ್ಬೋಲೆತ್. ಬೈಬಲಿನ ಹಳೆಯ ಒಡಂಬಡಿಕೆಯ ಪದ. ಯೊರ್ದಾನ್ ಹೊಳೆ ದಾಟಲು ಬಂದವರನ್ನು ಕಾವಲಿನವರು ‘ಶಿಬ್ಬೋಲೆತ್ ಅನ್ನು’ ಅಂತ ಕೇಳುತ್ತಿದ್ದರಂತೆ. ‘ಶ’ ಹೊರಳದೆ ‘ಸಿಬ್ಬೋಲೆತ್’ ಅಂದವನು ಶತ್ರು ಕಡೆಯವನು ಅಂತ ಸಿಕ್ಕಿಬೀಳುತ್ತಿದ್ದ. ಶ-ಸ ಪರೀಕ್ಷೆ! ನಮ್ಮಲ್ಲಾಗಿದ್ದರೆ ಎಷ್ಟು ಜನ ಹೊಳೆ ದಾಟುತ್ತಿದ್ದರೋ.

ಶ ಅಂದಮೇಲೆ ‘ಶೋಧಗಂಗಾ’ ನೆನಪಾಯಿತು. ಪಿಎಚ್.ಡಿ. ಥೀಸಿಸ್ಸುಗಳ ಭಂಡಾರ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವುದು, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮದ ಬೆನ್ನಿಗೆ ಬಂದದ್ದು. ಹಿಂದಿಯಲ್ಲಿ ಶೋಧ ಅಂದರೆ ಸಂಶೋಧನೆ. ಕನ್ನಡದಲ್ಲಿ ಶೋಧ ಅಂದರೆ ಹುಡುಕಾಟ, ಪೊಲೀಸರು ಮಾಡುವುದು. ಅಡುಗೆಮನೆಯಲ್ಲಿ ಶೋಧಿಸುವುದು ಕಷಾಯ. ಹಾಗಾಗಿ ನಮ್ಮ ಮಕ್ಕಳು ಶೋಧಗಂಗಾ ಅಂದರೆ ಗೂಗಲ್ ಥರದ್ದು ಅಂದುಕೊಂಡು ಏನೇನೋ ಹುಡುಕುತ್ತಾರೆ. ಹೆಸರನ್ನು ಬದಲಿಸುವ ಹಾಗಿಲ್ಲ, ಪಕ್ಕದಲ್ಲಿ ‘ಥೀಸಿಸ್ ಭಂಡಾರ’ ಅಂತ ಸೇರಿಸಿದ್ದೇನೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಇದಕ್ಕೆ ಕ್ರಿಯಾಪದಗಳಿಗೇನೂ ಬರ ಇಲ್ಲ. ಇರು, ಕಾಣು, ಸಿಗು, ತೆರೆ, ಎಟುಕು, ನಿಲುಕು, ದಕ್ಕು. ಒಂದೊಂದಕ್ಕೂ ಒಂದೊಂದು ಮೆಟ್ಟಿಲು. ಇರುವುದೆಲ್ಲ ಕಾಣುವುದಿಲ್ಲ, ಕಂಡದ್ದೆಲ್ಲ ಸಿಗುವುದಿಲ್ಲ, ಸಿಕ್ಕಿದ್ದೆಲ್ಲ ದಕ್ಕುವುದಿಲ್ಲ. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ‘ಎಟುಕು’. ಮೇಲಿನ ಕಪಾಟಿನ ಪುಸ್ತಕಕ್ಕೂ ಆಗುತ್ತದೆ, ದುಡ್ಡಿಗೆ ಎಟುಕದ ಜರ್ನಲ್ಲಿಗೂ ಆಗುತ್ತದೆ. ‘ದಕ್ಕು’ ಇನ್ನೂ ಗಟ್ಟಿ ಪದ, ಆದರೆ ಅದು ಓದಿ ಅರಗಿಸಿಕೊಂಡವರ ಪದ. ನಾಲ್ಕು ಪುಟದ ಕೈಪಿಡಿ ಅಷ್ಟು ದೊಡ್ಡ ಭರವಸೆ ಕೊಡಬಾರದು.

ಕೈಪಿಡಿಯ ಒಳಗೆ ಹೇಗೋ ನಿಭಾಯಿಸಿದ್ದೇನೆ. ಆಕ್ಸೆಸ್ ಬಂದ ಕಡೆಯೆಲ್ಲ ನಾಮಪದ ಬಿಟ್ಟು ವಾಕ್ಯ ಒಡೆದೆ. ‘ಆಫ್ ಕ್ಯಾಂಪಸ್ ಆಕ್ಸೆಸ್’ ಇದ್ದದ್ದು ‘ಮನೆಯಿಂದ ಓದುವುದು ಹೇಗೆ?’ ಆಯಿತು. ‘ಆಕ್ಸೆಸ್ ಡಿನೈಡ್ ಬಂದರೆ’ ಅನ್ನುವುದು ‘ಲೇಖನ ತೆರೆಯದಿದ್ದರೆ’ ಆಯಿತು. ಸುಮ್ನೆ ಓದಿಕೊಂಡು ಹೋಗುತ್ತದೆ, ಎಲ್ಲೂ ತಡವರಿಸುವುದಿಲ್ಲ. ಸಿಕ್ಕಿಕೊಂಡಿರುವುದು ‘ಓಪನ್ ಆಕ್ಸೆಸ್ ನೀತಿ’ ಅನ್ನುವ ತಲೆಬರಹದ ಹತ್ತಿರ. ಅಲ್ಲಿ ವಾಕ್ಯ ಹಿಡಿಸುವುದಿಲ್ಲ, ಹೆಸರೇ ಬೇಕು. ‘ಮುಕ್ತ ಲಭ್ಯತಾ ನೀತಿ’ ಅಂದರೆ ಬಾಯಲ್ಲಿ ಕಲ್ಲು ಸಿಕ್ಕ ಹಾಗೆ. ‘ಮುಕ್ತ ಓದು ನೀತಿ’ ಅಂತ ಬರೆದು ನೋಡಿದೆ, ಚೆನ್ನಾಗಿದೆ, ಆದರೆ ಹಂಚುವ ಹಕ್ಕು ಅದರಲ್ಲಿ ಬರುವುದಿಲ್ಲ. ‘ತೆರೆದೆಟುಕು’ ಅಂತ ರಾತ್ರಿ ಹನ್ನೊಂದಕ್ಕೆ ಹೊಳೆಯಿತು, ಬೆಳಿಗ್ಗೆ ಎದ್ದು ನೋಡಿ ನಾನೇ ಹೊಡೆದು ಹಾಕಿದೆ.

ಹಾಗಾಗಿ ಕೇಳುವುದು ಎರಡು. ಓಪನ್ ಆಕ್ಸೆಸ್ಸಿನ ಹೊಸ ಅರ್ಥಕ್ಕೆ ನಿಮ್ಮಲ್ಲಿ ಯಾರಾದರೂ ಕನ್ನಡದ ಹೆಸರು ಬಳಸಿದ್ದೀರಾ, ಕೇಳಿದವರಿಗೆ ಅದು ಅರ್ಥವಾಯಿತಾ? ಇಲ್ಲದಿದ್ದರೆ ‘ಓಪನ್ ಆಕ್ಸೆಸ್’ ಅಂತಲೇ ಕನ್ನಡ ಅಕ್ಷರದಲ್ಲಿ ಬಿಡುತ್ತೇನೆ, ನನಗೇನೂ ಮಡಿ ಇಲ್ಲ. ಎರಡನೆಯದು, ನಿಮ್ಮ ಕಡೆ ಮಾತಿನಲ್ಲಿ ಎಟುಕು ಜಾಸ್ತಿಯೋ ನಿಲುಕು ಜಾಸ್ತಿಯೋ? ಎರಡಕ್ಕೂ ಏನಾದರೂ ವ್ಯತ್ಯಾಸ ಮಾಡುತ್ತೀರಾ?

ಸದ್ಯಕ್ಕೆ ನೋಟಿಸಿನ ಮೇಲೆ ಬಿಳಿ ಹಾಳೆ ಅಂಟಿಸಿ ‘ಜರ್ನಲ್ ಲೇಖನ, ಇ-ಪುಸ್ತಕ ಬೇಕಿದ್ದರೆ ಕೌಂಟರಿನಲ್ಲಿ ಕೇಳಿ’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಕೈಪಿಡಿ ಸೋಮವಾರ ಅಚ್ಚಿಗೆ ಹೋಗುತ್ತದೆ, ಭಾನುವಾರದೊಳಗೆ ಉತ್ತರ ಬಂದರೆ ಉಪಕಾರ.