ಇಂಗ್ಲಿಷಿನ ಎ, ಆನ್, ದ: ಇವಕ್ಕೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿಯುವವರಿಗಾಗಿ ಒಂದು ಅಭ್ಯಾಸ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಪಾಠದ ತಲೆಬರಹ ಮಾತ್ರ ಹಾಗೇ ಉಳಿದಿದೆ. ಮೂಲದಲ್ಲಿ ಅದು ‘ಆರ್ಟಿಕಲ್ಸ್’. ಕಂಪ್ಯೂಟರ್ ಅನುವಾದ ಅದನ್ನು ‘ಲೇಖನಗಳು’ ಮಾಡಿದೆ, ಕರಡು ನೋಡಿದವರ ಕಣ್ಣಿಗೂ ಬಿದ್ದಿಲ್ಲ. ಕಲಿಯುವವರು ಪುಟ ತೆರೆದರೆ ಮೇಲೆ ‘ಲೇಖನಗಳು’, ಕೆಳಗೆ ಎ, ಆನ್, ದ. ಅವರ ಗತಿ ಏನು?

ಮರಾಠಿಯವರು ‘ಉಪಪದ’ ಅನ್ನುತ್ತಾರೆ. ಅದನ್ನೇ ತರಲೇ? ‘ಗುಣವಾಚಕ’ ಅಂದವರೂ ಇದ್ದಾರೆ. ಇವತ್ತು ರಾತ್ರಿಯೊಳಗೆ ಒಂದು ಪದ ಬೇಕು.

---

ಉಪಪದ ಬೇಡ. ಅದು ಸಂಸ್ಕೃತ ವ್ಯಾಕರಣದಲ್ಲಿ ಬೇರೆ ಕೆಲಸಕ್ಕೆ ಸೇರಿಕೊಂಡಾಗಿದೆ. ‘ಕುಂಭಕಾರ’ದಲ್ಲಿ ‘ಕುಂಭ’ ಉಪಪದ. ಅದಕ್ಕೂ ಇದಕ್ಕೂ ಏನು ಸಂಬಂಧ? ಗುಣವಾಚಕದ ಮಾತೇ ಬೇಡ. ‘ದ’ ಯಾರ ಗುಣ ಹೇಳುತ್ತದೆ?

---

ಮೊದಲು ಪದದ ಬೇರು ನೋಡಿ, ಆಮೇಲೆ ಜಗಳ ಆಡೋಣ.

ಗ್ರೀಕರು ಇದನ್ನು ‘ಆರ್ಥ್ರಾನ್’ ಅಂದರು. ಅಂದರೆ ಕೀಲು. ಕೀಲುನೋವಿಗೆ ಆರ್ಥ್ರೈಟಿಸ್ ಅನ್ನುತ್ತೇವಲ್ಲ, ಅದೇ ಪದ. ಲ್ಯಾಟಿನ್ನವರು ಅದನ್ನು ತಮ್ಮ ಮಾತಿಗೆ ತಿರುಗಿಸಿ ‘ಆರ್ಟಿಕ್ಯುಲಸ್’ ಮಾಡಿಕೊಂಡರು. ಅಂದರೆ ಚಿಕ್ಕ ಕೀಲು. ಲ್ಯಾಟಿನ್ನಿನಲ್ಲಿ ಎ, ದ ಥರದ ಪದಗಳೇ ಇಲ್ಲ, ಆದರೂ ಹೆಸರು ಮಾಡಿಟ್ಟುಕೊಂಡರು ಅನ್ನೋದನ್ನು ಗಮನಿಸಿ. ಪತ್ರಿಕೆಯ ಆರ್ಟಿಕಲ್, ಒಪ್ಪಂದದ ಆರ್ಟಿಕಲ್ ಎಲ್ಲವೂ ಈ ಕೀಲಿನಿಂದಲೇ ಬಂದದ್ದು. ಒಂದೊಂದು ತುಂಡು, ಒಂದೊಂದು ಗಂಟು.

ಹಾಗಾದರೆ ಕನ್ನಡದಲ್ಲಿ? ಬೆರಳು ಮಡಚಿ ನೋಡಿ. ಅಲ್ಲಿ ಕಾಣುವುದು ಗೆಣ್ಣು. ‘ಗೆಣ್ಣುಪದ’ ಅನ್ನಿ. ಎರಡಕ್ಷರದ ಅಚ್ಚ ಕನ್ನಡ ಪದ ಕೈಯಲ್ಲೇ ಇರುವಾಗ ಮರಾಠಿಯಿಂದ ಯಾಕೆ ಸಾಲ?

---

> ಎರಡಕ್ಷರದ ಅಚ್ಚ ಕನ್ನಡ ಪದ ಕೈಯಲ್ಲೇ ಇರುವಾಗ

ಬೇರು ಹಿಡಿದು ಹೆಸರಿಡುವುದು ಸರಿಯಲ್ಲ. ಗೆಣ್ಣು ಅಂದರೆ ಕಲಿಯುವವರಿಗೆ ಏನು ಹೊಳೆಯುತ್ತದೆ? ಏನೂ ಇಲ್ಲ. ‘ಆರ್ಟಿಕಲ್’ ಅಂತಲೇ ಬಿಡಿ. ಇಂಗ್ಲಿಷಿನವರೇ ನೌನ್, ವರ್ಬ್, ಆರ್ಟಿಕಲ್ ಎಲ್ಲವನ್ನೂ ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಲ್ಲಿ ತಂದುಕೊಂಡವರು. ಅವರಿಗಿಲ್ಲದ ಮಡಿ ನಮಗೇಕೆ?

---

ಅವರಿಗೂ ಇತ್ತು. ಸಾವಿರ ವರ್ಷದ ಹಿಂದೆ ಏಲ್ಫ್ರಿಕ್ ಎಂಬ ಸನ್ಯಾಸಿ ಲ್ಯಾಟಿನ್ ವ್ಯಾಕರಣವನ್ನು ಹಳೆ ಇಂಗ್ಲಿಷಿನಲ್ಲಿ ಬರೆದ. ವ್ಯಾಕರಣಕ್ಕೆ ‘ಸ್ಟಾಫ್‌ಕ್ರಾಫ್ಟ್’ ಅಂದ, ಅಕ್ಷರದ ಕಸುಬು ಅಂತ. ನಾಮಪದಕ್ಕೆ ‘ಹೆಸರು’ ಅನ್ನುವ ಅವರ ಮಾತನ್ನೇ ಇಟ್ಟ. ಮನಸ್ಸಿದ್ದರೆ ಆಗುತ್ತದೆ.

---

ಆ ಪದಗಳು ಈಗ ಎಲ್ಲಿವೆ? ಒಂದಾದರೂ ಶಾಲೆಯಲ್ಲಿ ಉಳಿದಿದೆಯಾ?

---

ಸಾಲದ ಜಗಳ ಆಮೇಲೆ ಆಡೋಣ, ಇವರಿಗೆ ನಾಳೆ ಬೆಳಿಗ್ಗೆ ಪುಟ ಹೋಗಬೇಕು. ನಾನು ಬಹಳ ವರ್ಷದಿಂದ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಹೆಸರು ಏನೇ ಇರಲಿ, ಕಲಿಯುವವರು ಅದರಿಂದ ಎಡವುವುದಿಲ್ಲ. ‘ಕನ್ನಡದಲ್ಲಿ ಇದು ಇಲ್ಲವೇ ಇಲ್ಲ’ ಅಂತ ನಾವು ಹೇಳಿಬಿಡುತ್ತೇವಲ್ಲ, ಎಡವುವುದು ಅಲ್ಲಿ. ಪದ ಇಲ್ಲ, ನಿಜ. ಕೆಲಸ ಇದೆ.

ಒಮ್ಮೆ ಒಬ್ಬರು ‘ಐ ಬಾಟ್ ಬುಕ್, ಐ ಲಾಸ್ಟ್ ಬುಕ್’ ಅಂತ ಬರೆದಿದ್ದರು. ಕೆಂಪು ಗೆರೆ ಎಳೆಯುವ ಮೊದಲು ಕನ್ನಡದಲ್ಲಿ ಹೇಳಿ ಅಂದೆ. ‘ಪುಸ್ತಕ ಕೊಂಡೆ. ಪುಸ್ತಕವನ್ನು ಕಳೆದುಕೊಂಡೆ’ ಅಂದರು. ನೋಡಿ, ಮೊದಲನೆಯದಕ್ಕೆ ‘ಅನ್ನು’ ಇಲ್ಲ, ಎರಡನೆಯದಕ್ಕೆ ತಾನಾಗಿ ಬಂತು. ಮೊದಲನೆಯದು ಯಾವುದೋ ಒಂದು ಪುಸ್ತಕ, ಎರಡನೆಯದು ನಿಮಗೂ ನನಗೂ ಈಗ ಗೊತ್ತಿರುವ ಅದೇ ಪುಸ್ತಕ. ‘ಎ ಬುಕ್’, ‘ದ ಬುಕ್’. ಅವರಿಗೆ ಆ ಭೇದ ಚಿಕ್ಕಂದಿನಿಂದ ಗೊತ್ತು, ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಇದೆ ಅನ್ನುವುದಷ್ಟೇ ಹೊಸದು. ಆ ದಿನ ಅವರ ಮುಖ ನೋಡಬೇಕಿತ್ತು.

ಜೀವ ಇರುವುದರ ಜೊತೆ ಇದನ್ನು ನಂಬಬೇಡಿ. ‘ಒಬ್ಬ ಹುಡುಗನನ್ನು ನೋಡಿದೆ’ ಅಂದಾಗಲೂ ‘ಅನ್ನು’ ಬರುತ್ತದೆ, ಹುಡುಗ ಯಾರೆಂದು ಗೊತ್ತಿಲ್ಲದಿದ್ದರೂ. ಕರ್ತೃ ಸ್ಥಾನದಲ್ಲಿ ‘ಅನ್ನು’ ಬರುವುದೇ ಇಲ್ಲ. ಅಲ್ಲಿ ಪದಗಳ ಸಾಲು ಕೆಲಸ ಮಾಡುತ್ತದೆ. ‘ಮನೆಯಲ್ಲಿ ಬೆಕ್ಕು ಇದೆ’ ಅಂದರೆ ಯಾವುದೋ ಬೆಕ್ಕು. ‘ಬೆಕ್ಕು ಮನೆಯಲ್ಲಿದೆ’ ಅಂದರೆ ನಾವು ಹುಡುಕುತ್ತಿದ್ದ ಬೆಕ್ಕು. ಈ ಎರಡು ವಾಕ್ಯ ಪಾಠದ ಮೊದಲ ಸಾಲಲ್ಲೇ ಹಾಕಿ, ಅರ್ಧ ಪಾಠ ಮುಗಿದ ಹಾಗೆ.

ಇನ್ನೊಂದು. ‘ಎ’ ಸ್ವರದ ಮುಂದೆ ‘ಆನ್’ ಆಗುತ್ತದೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಚರಿತ್ರೆ ತಿರುಗುಮುರುಗು. ‘ಆನ್’ ಮೊದಲಿನದು, ‘ಒನ್’ ಜೊತೆ ಒಂದೇ ಬಳ್ಳಿಯದು. ವ್ಯಂಜನದ ಮುಂದೆ ಅದರ ನಕಾರ ಬಿದ್ದುಹೋಗಿ ‘ಎ’ ಉಳಿಯಿತು. ಆ ನಕಾರ ಯಾರದು ಅಂತ ಇಂಗ್ಲಿಷಿನವರೇ ಗೊಂದಲಕ್ಕೆ ಬಿದ್ದು ‘ಎ ನೇಪ್ರನ್’ ಅನ್ನುವುದನ್ನು ‘ಆನ್ ಏಪ್ರನ್’ ಮಾಡಿಕೊಂಡರು. ಕಲಿಯುವವರಿಗೆ ಇದು ಧೈರ್ಯ ಕೊಡುತ್ತದೆ. ನಿಯಮ ಕಿವಿಯದು, ಕಾಗುಣಿತದ್ದಲ್ಲ. ಅದಕ್ಕೇ ‘ಆನ್ ಅವರ್’, ‘ಎ ಯೂನಿವರ್ಸಿಟಿ’.

ತಲೆಬರಹಕ್ಕೆ ‘ಆರ್ಟಿಕಲ್’ ಸಾಕು. ಕಲಿಯುವವರು ನಾಳೆ ಇಂಗ್ಲಿಷ್ ನಿಘಂಟು ತೆರೆದಾಗ ಅಲ್ಲಿ ಇರುವುದೂ ಅದೇ ಹೆಸರು. ಕನ್ನಡವನ್ನು ವಿವರಣೆಗೆ ಬಳಸಿ.

---

ಹಾಗಂತ ಸಾಲದ ಪದ ಇಟ್ಟುಕೊಂಡೇ ಕೂತರೆ ಕನ್ನಡ ಬೆಳೆಯುವುದು ಯಾವಾಗ? ನನ್ನ ಮತ ಗೆಣ್ಣಿಗೇ.

---

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಲೇಖನಗಳು’ ಹೊಡೆದುಹಾಕಿದೆ. ತಲೆಬರಹ ‘ಆರ್ಟಿಕಲ್: ಯಾವುದೋ ಒಂದೋ, ಗೊತ್ತಿರುವ ಅದೋ?’ ಅಂತ ಮಾಡಿದ್ದೇನೆ. ಅದರ ಕೆಳಗೆ ಮೊದಲು ಬೆಕ್ಕಿನ ಎರಡು ವಾಕ್ಯ, ಆಮೇಲೆ ಪುಸ್ತಕ ಕಳೆದುಕೊಂಡ ವಾಕ್ಯ, ಅದರ ಪಕ್ಕದಲ್ಲೇ ಹುಡುಗನ ಎಚ್ಚರಿಕೆ. ಗೆಣ್ಣು ಬಿಡಲು ಮನಸ್ಸಾಗಲಿಲ್ಲ. ಆರ್ಟಿಕಲ್ ಅಂದರೆ ಕೀಲು, ಬೆರಳ ಗೆಣ್ಣಿನ ಹಾಗೆ ಅಂತ ಅಂಚಿನಲ್ಲಿ ಒಂದು ಸಾಲು ಬರೆದಿದ್ದೇನೆ. ಪುಟ ಈಗಷ್ಟೇ ಕಳಿಸಿದೆ.