ಓದುಗರ ಸ್ಪಂದನ: ಊಟಕ್ಕೆ ಮುಂಚೆ ಪ್ರಸಂಗ ಬೇಕೇ?

ಕಳೆದ ಸಂಚಿಕೆಯಲ್ಲಿ ಒಬ್ಬ ಸೋದರಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಅವರೂ ಅವರ ಗೆಳತಿಯರೂ ತಮ್ಮ ಸಭೆಯ, ಅಂದರೆ ಚರ್ಚಿನ, ಹೆಸರಿನಲ್ಲಿ ವಾರಕ್ಕೊಮ್ಮೆ ಇಲ್ಲದವರಿಗೆ ಊಟ ಹಾಕುತ್ತಾರೆ. ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ. ಯಾರಾದರೂ ಕೇಳಿದರೆ ಯೇಸುವಿನ ಬಗ್ಗೆ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನೆ ಬಡಿಸುತ್ತಾರೆ. ಈಗ ಸಭೆಯ ಹಿರಿಯರು ‘ನಾವೇನು ಸಮಾಜಸೇವಾ ಸಂಘವಾ? ಇದರಿಂದ ಎಷ್ಟು ಆತ್ಮಗಳು ಬಂದವು?’ ಎಂದು ಕೇಳಿದ್ದಾರೆ. ಇನ್ನು ಮುಂದೆ ಮೊದಲು ಪ್ರಸಂಗ (ಧರ್ಮಬೋಧನೆ), ಆಮೇಲೆ ಊಟ ಅಂತೆ. ಪ್ರಾರ್ಥನೆಗೆ ಕೈ ಎತ್ತಿದವರ ಪಟ್ಟಿಯನ್ನೂ ಬರೆದಿಡಬೇಕಂತೆ. ‘ಸೇವೆ ಎಲ್ಲಿ ಮುಗಿಯುತ್ತದೆ, ಸುವಾರ್ತೆ ಎಲ್ಲಿ ಶುರುವಾಗಬೇಕು?’ ಎಂಬುದು ಸೋದರಿಯ ಪ್ರಶ್ನೆ.

ಪತ್ರಗಳು ರಾಶಿ ಬಂದಿವೆ. ಮೊದಲು ಬಂದದ್ದೇ ಖಾರವಾಗಿತ್ತು.

ಒಬ್ಬ ಸುವಾರ್ತಿಕರು: ಹೊಟ್ಟೆ ತುಂಬಿಸಿ ರಕ್ಷಣೆಯ ಮಾತು ಬಚ್ಚಿಟ್ಟರೆ ಅದು ಅರ್ಧ ಪ್ರೀತಿ. ನಾಚಿಕೆಗೆ ಔದಾರ್ಯ ಅಂತ ಹೆಸರಿಡಬೇಡಿ. ಸುವಾರ್ತೆಯ ಬಗ್ಗೆ ನನಗೆ ನಾಚಿಕೆಯಿಲ್ಲ ಎಂದು ಪೌಲ ಹೇಳುವ, ರೋಮಾಪುರದವರಿಗೆ ಬರೆದ ಪತ್ರ 1:16 ಓದಿ. ಹಿರಿಯರ ಮಾತು ಕೇಳಿ.

ಸೋದರಿ ಬಚ್ಚಿಟ್ಟಿಲ್ಲ, ಕೇಳಿದವರಿಗೆ ಹೇಳುತ್ತಿದ್ದಾರೆ ಎಂಬುದನ್ನು ಮಾತ್ರ ನೆನಪಿಸುತ್ತೇವೆ. ಮುಂದಿನ ಪತ್ರವೂ ಸುವಾರ್ತೆಗೆ ಮೊದಲ ಜಾಗ ಕೊಡುವವರದ್ದೇ.

ಒಬ್ಬ ಸಭಾಪಾಲಕರು: ಈ ಜಗಳ ಹೊಸದಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪಶ್ಚಿಮದ ಕೆಲವು ಸಭೆಗಳು ಬಡತನ, ಕಾರ್ಮಿಕರ ಕಷ್ಟ ಇವುಗಳ ಕಡೆಗೆ ತಿರುಗಿದವು. ಉಳಿದವರಿಗೆ ಸುವಾರ್ತೆ ಕಳೆದುಹೋಗುತ್ತದೆ ಎಂಬ ಭಯ ಹುಟ್ಟಿತು. ಅವರು ಸಮಾಜಸೇವೆಯಿಂದಲೇ ದೂರ ಸರಿದರು. ಈ ಎರಡು ಗುಂಪುಗಳ ನಡುವಿನ ಬಿರುಕು ದಶಕಗಳ ಕಾಲ ಉಳಿಯಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ 150 ದೇಶಗಳ ಕ್ರೈಸ್ತ ನಾಯಕರು ಸೇರಿ ಒಂದು ಒಡಂಬಡಿಕೆ ಹೊರಡಿಸಿದರು. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಅದನ್ನು ಬರೆಯುವ ಸಮಿತಿಯ ಮುಂದಾಳು. ಸಮಾಜದ ಕೆಲಸವನ್ನು ಕಡೆಗಣಿಸಿದ್ದಕ್ಕೆ, ಅದೂ ಸುವಾರ್ತೆಯೂ ಒಂದಕ್ಕೊಂದು ವಿರುದ್ಧ ಎಂದು ನೋಡಿದ್ದಕ್ಕೆ ಅದರಲ್ಲಿ ಪಶ್ಚಾತ್ತಾಪ ಪಟ್ಟಿದ್ದಾರೆ. ಆದರೆ ಸಮಾಜಸೇವೆಯೇ ಸುವಾರ್ತೆ ಅಲ್ಲ ಎಂದೂ ಸ್ಪಷ್ಟ ಹೇಳಿದ್ದಾರೆ. ಸಭೆಯ ತ್ಯಾಗದ ಸೇವೆಯಲ್ಲಿ ಸುವಾರ್ತೆಗೆ ಮೊದಲ ಸ್ಥಾನ ಎಂದಿದ್ದಾರೆ.

ನಾನು ಅದನ್ನು ಒಪ್ಪುತ್ತೇನೆ. ನಿಮ್ಮ ಹಿರಿಯರ ಆತಂಕವನ್ನೂ ಒಪ್ಪುತ್ತೇನೆ. ಮಾತೇ ಆಡದಿದ್ದರೆ ಊಟ ಹಾಕಿದ್ದು ಯಾರ ಪ್ರೀತಿಯಿಂದ ಅಂತ ಜನರಿಗೆ ಹೇಗೆ ಗೊತ್ತಾಗಬೇಕು? ಆದರೆ ಅವರು ಹೇಳುವ ಪಟ್ಟಿ ನನಗೆ ಹಿಡಿಸಲಿಲ್ಲ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದ. ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದ, ನಿಜ. ಅವರಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ಕಿತ್ತುಕೊಳ್ಳಲಿಲ್ಲ.

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

ಹೆಸರು ಬೇಡ ಎಂದವರು: ‘ಕೈ ಎತ್ತಿದವರ ಪಟ್ಟಿ’ ಅಂತ ಓದಿದ ಮೇಲೆ ಮುಂದಕ್ಕೆ ಓದಲಾಗಲಿಲ್ಲ. ಅಂಥ ಒಂದು ಪಟ್ಟಿಯಲ್ಲಿ ನನ್ನ ಅಮ್ಮನ ಹೆಸರಿತ್ತು.

ಅಪ್ಪ ತೀರಿಕೊಂಡಾಗ ನಾನು ಚಿಕ್ಕವನು. ತಂಗಿ ಇನ್ನೂ ಎತ್ತಿಕೊಳ್ಳುವ ಕೂಸು. ಒಂದು ಸೇವಾ ಕೇಂದ್ರದಲ್ಲಿ ವಾರಕ್ಕೊಂದು ಚೀಲ ದಿನಸಿ ಕೊಡುತ್ತಿದ್ದರು. ಮೊದಲು ಪ್ರಸಂಗ. ಕೊನೆಗೆ ಎಲ್ಲರೂ ಕಣ್ಣು ಮುಚ್ಚಬೇಕು, ಯೇಸುವನ್ನು ಸ್ವೀಕರಿಸುವವರು ಕೈ ಎತ್ತಬೇಕು. ಎತ್ತದಿದ್ದರೆ ಚೀಲ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಆದರೆ ಎತ್ತಿದವರ ಸಾಲು ಮೊದಲು ಹೋಗುತ್ತಿತ್ತು. ಕೊನೆಗೆ ಹೋದವರ ಚೀಲದಲ್ಲಿ ಕೆಲವು ಸಲ ಎಣ್ಣೆ ಇರುತ್ತಿರಲಿಲ್ಲ. ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಅಮ್ಮನ ಕೈ ಕಿವಿಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಪೆನ್ನು ಹಿಡಿದವರು ಇತ್ತ ನೋಡಿ ಬರೆದುಕೊಂಡ ಕೂಡಲೇ ಕೆಳಗಿಳಿಯುತ್ತಿತ್ತು. ಒಮ್ಮೆ ಎತ್ತಿದರೆ ಸಾಕಾಗುತ್ತಿರಲಿಲ್ಲ. ವಾರ ವಾರವೂ ಎತ್ತಬೇಕಿತ್ತು.

ಇವನಿಗೆ ಸುವಾರ್ತೆಯ ಮೇಲೆ ಸಿಟ್ಟು ಅಂದುಕೊಳ್ಳಬೇಡಿ. ಆ ಪ್ರಸಂಗಗಳಲ್ಲಿ ಒಂದು ಅಮ್ಮನ ಮನಸ್ಸಿಗೆ ನಿಜವಾಗಿಯೂ ನಾಟಿತು. ಲೂಕನ ಸುವಾರ್ತೆಯಲ್ಲಿ ಬರುವ ನಾಯಿನ್ ಊರಿನ ವಿಧವೆಯ ಕಥೆ. ಒಬ್ಬನೇ ಮಗ ಸತ್ತ ಹೆಂಗಸಿಗೆ ಯೇಸು ತಾನಾಗಿಯೇ ಹತ್ತಿರ ಹೋಗಿ ಅಳಬೇಡ ಅಂದದ್ದು. ಅವಳು ಅವನನ್ನು ಏನೂ ಕೇಳಿರಲಿಲ್ಲ. ಅಮ್ಮ ಮನೆಗೆ ಬಂದು ನಮಗೆ ಅದನ್ನೇ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಅಲ್ಲಿಂದ ಮುಂದೆ ಅವಳಿಗೆ ಕೈ ಎತ್ತುವುದು ಇನ್ನೂ ಕಷ್ಟವಾಯಿತು. ನಂಬಿ ಎತ್ತಿದರೂ ಚೀಲಕ್ಕೆ ಎತ್ತಿದ ಹಾಗೇ ಕಾಣುತ್ತದೆ, ಅಲ್ವಾ? ನೆಂಟರು ಮುಖದ ಮೇಲೇ ಹಾಗಂದರು. ಅಮ್ಮನ ಹತ್ತಿರ ಉತ್ತರ ಇರಲಿಲ್ಲ.

ನನಗೆ ಕೆಲಸ ಸಿಕ್ಕ ಮೇಲೆ ಚೀಲ ತರುವುದು ನಿಲ್ಲಿಸಿದಳು. ಆಮೇಲೆ ನಮ್ಮ ಗುರುತು ಪರಿಚಯ ಇಲ್ಲದ ಒಂದು ಸಭೆಗೆ ಹೋಗಿ ದೀಕ್ಷಾಸ್ನಾನ ಕೇಳಿದಳು. ಅಲ್ಲಿಯವರೆಗೆ ತನ್ನ ನಂಬಿಕೆಯನ್ನು ಕದ್ದ ಮಾಲಿನ ಹಾಗೆ ಮುಚ್ಚಿಟ್ಟುಕೊಂಡಿದ್ದಳು.

ಆ ಕೇಂದ್ರದವರು ಕೆಟ್ಟವರಲ್ಲ. ತಂಗಿಗೆ ಜ್ವರ ಏರಿದ ರಾತ್ರಿ ಔಷಧಿ ತಂದುಕೊಟ್ಟವರೂ ಅವರೇ. ಅದಕ್ಕೇ ಈಗಲೂ ಜಾಸ್ತಿ ನೋವಾಗುತ್ತದೆ. ಸೋದರಿ, ನಿಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿ. ಆ ಪಟ್ಟಿಯಿಂದ ನಂಬದವರಿಗೆ ಅವಮಾನ ಆಗುತ್ತದೆ, ಅದು ಎಲ್ಲರಿಗೂ ಗೊತ್ತು. ನಿಜವಾಗಿ ನಂಬಿದವರ ಬಾಯಿಯನ್ನೂ ಅದೇ ಕಟ್ಟುತ್ತದೆ.

2005ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಸಭೆಗಳಿಗೆ ಬರೆದ ಪತ್ರದಲ್ಲೂ ಇದೇ ಕಾಳಜಿ ಇತ್ತು. ಪ್ರೀತಿ ಬೇರೆ ಯಾವುದನ್ನೋ ಸಾಧಿಸಲು ಬಳಸುವ ದಾರಿಯಲ್ಲ ಎಂದು ಅವರು ಬರೆದಿದ್ದರು. ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಕ್ರೈಸ್ತನಿಗೆ ತಿಳಿದಿರಬೇಕು ಎಂದೂ ಹೇಳಿದ್ದರು.

ಸಂಡೇ ಸ್ಕೂಲ್ ಟೀಚರ್ ಒಬ್ಬರು: ಪಾಠಕ್ಕೆ ಬರುವ ಮಕ್ಕಳ ವಿಷಯ ಯಾರೂ ಎತ್ತುವುದಿಲ್ಲ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಬೈಬಲಿನ ಒಂದು ವಾಕ್ಯವನ್ನೂ ಕಲಿಸಬೇಡಿ.

ಮನೆ ನಡೆಸುವ ಒಬ್ಬ ಅಕ್ಕ: ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ದಣಿವು. ಅಡುಗೆ ನೀವೇ, ಬಡಿಸುವುದು ನೀವೇ, ಪಾತ್ರೆ ತೊಳೆಯುವುದೂ ನೀವೇ. ಈಗ ಪ್ರಸಂಗಕ್ಕೂ ಜನ ಹುಡುಕಬೇಕಾ? ಪಟ್ಟಿ ಕೇಳಿದ ಹಿರಿಯರನ್ನು ಒಂದು ದಿನ ಬಡಿಸಲು ಕರೆಯಿರಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೋಡಿ. ವಿಧವೆಯರಿಗೆ ದಿನದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಅದಕ್ಕೆಂದೇ ಏಳು ಜನರನ್ನು ಆರಿಸಿದರು. ಅವರಲ್ಲಿ ಸ್ತೆಫನ, ಫಿಲಿಪ್ಪ ಇಬ್ಬರೂ ಇದ್ದರು. ಮುಂದೆ ಸ್ತೆಫನ ಸಾಕ್ಷಿ ಹೇಳಿಯೇ ಜೀವ ಕೊಟ್ಟ. ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಸುವಾರ್ತೆ ಸಾರಿದ. ಊಟದ ಕೆಲಸಕ್ಕೆ ನಿಂತವರು ಸಾರುವ ಕೆಲಸಕ್ಕೆ ಬರುವುದಿಲ್ಲ ಅಂತ ಯಾರು ಹೇಳಿದ್ದು?

ಅಕ್ಕನ ಈ ಪ್ರಶ್ನೆ ನಮಗೂ ಇಷ್ಟವಾಯಿತು.

ಒಬ್ಬ ನಿವೃತ್ತ ನರ್ಸ್: ಹಾಸಿಗೆ ಹಿಡಿದ ರೋಗಿ ಎದ್ದು ಹೋಗಲಾರ. ಹಸಿದವನೂ ಅಷ್ಟೇ. ಎದ್ದು ಹೋಗಲು ಆಗದವರ ಮುಂದೆ ಪ್ರಸಂಗ ಮಾಡಬಾರದು ಎಂಬ ನಿಯಮ ಇಟ್ಟುಕೊಂಡೇ ಕೆಲಸ ಮಾಡಿದೆ. ಯಾರಾದರೂ ‘ಸಿಸ್ಟರ್, ನೀವು ಯಾಕೆ ಪ್ರಾರ್ಥನೆ ಮಾಡ್ತೀರಿ?’ ಅಂತ ಕೇಳಿದರೆ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಿದ್ದೆ. ಯೋಹಾನನ 5ನೇ ಅಧ್ಯಾಯದಲ್ಲಿ ಕೊಳದ ಹತ್ತಿರ ಮಲಗಿದ್ದವನಿಗೆ ತನ್ನನ್ನು ವಾಸಿಮಾಡಿದವನು ಯಾರು ಅಂತಲೇ ಗೊತ್ತಿರಲಿಲ್ಲ. ಯೇಸು ಅವನ ಜೊತೆ ಮಾತಾಡಿದ್ದು ಆಮೇಲೆ, ದೇವಾಲಯದಲ್ಲಿ. ಅಷ್ಟರಲ್ಲಿ ಅವನು ತನ್ನ ಕಾಲ ಮೇಲೆ ನಡೆಯುತ್ತಿದ್ದ.

ಕೊನೆಯ ಪತ್ರ ಹಣ ಮತ್ತು ಲೆಕ್ಕದ ಬಗ್ಗೆ. ಸೋದರಿ ಇದನ್ನು ಕೇಳಿರಲಿಲ್ಲ. ಆದರೂ ಅವರಿಗೆ ತಕ್ಷಣ ಉಪಯೋಗಕ್ಕೆ ಬರುವುದು ಇದೇ ಇರಬಹುದು.

ಒಂದು ಸೇವಾ ಸಂಸ್ಥೆಯ ಖಜಾಂಚಿ: ‘ಎಷ್ಟು ಆತ್ಮಗಳು?’ ಎಂಬ ಪ್ರಶ್ನೆ ಬಹಳ ಸಲ ಹಿರಿಯರದ್ದಾಗಿರುವುದಿಲ್ಲ, ದಾನಿಗಳದ್ದಾಗಿರುತ್ತದೆ. ಊಟಕ್ಕೆ ಅಂತ ಬಂದ ಹಣ, ಸುವಾರ್ತೆಗೆ ಅಂತ ಬಂದ ಹಣ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಿ. ಊಟದ ವರದಿಯಲ್ಲಿ ಊಟದ ವಿವರ ಮಾತ್ರ ಇರಲಿ. ಬಂದವರ ಫೋಟೊ ಹಾಕಬೇಡಿ. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎಂದು ರೆಡ್ ಕ್ರಾಸ್ ಮತ್ತು ನೆರವು ಸಂಸ್ಥೆಗಳು 1994ರ ನೀತಿಸಂಹಿತೆಯಲ್ಲಿ ಬರೆದುಕೊಂಡವು. ಅದರ ಹಿಂದೆ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಶನ್, ಚರ್ಚುಗಳ ವಿಶ್ವ ಮಂಡಳಿ ಕೂಡ ಇದ್ದವು. ಇದು ಹೊರಗಿನವರು ನಮ್ಮ ಮೇಲೆ ಹೇರಿದ ನಿಯಮ ಅಲ್ಲ ಅಂತ ಹಿರಿಯರಿಗೆ ತೋರಿಸಿ. ಪ್ರಾರ್ಥನಾ ಕೂಟ ಬೇಕಾದರೆ ಬೇರೆ ದಿನ ಇಡಿ, ಬಾಗಿಲಿಗೆ ಬೋರ್ಡ್ ಹಾಕಿ, ಇಷ್ಟ ಇದ್ದವರು ಬರಲಿ. ಆ ದಿನ ಊಟ ಬೇಡ.

ಜಾಗ ಸಾಲದೆ ಉಳಿದ ಪತ್ರಗಳನ್ನು, ಒಪ್ಪದವರದ್ದನ್ನೂ ಸೇರಿಸಿ, ಸೋದರಿಗೆ ಕಳಿಸಿದ್ದೇವೆ. ಅವರ ಸಭೆಯ ಹಿರಿಯರು ಬರೆದರೆ ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ.