ರಾಮೂರ್ತಿ ಡಾಲಸ್‌ನಲ್ಲಿದ್ದಾರೆ

"ಅಬ್ಬಾ, 37 ಡಿಗ್ರಿ! ಏನು ಧಗೆ ಕಣ್ರೀ" ಎಂದರು ರಾಮೂರ್ತಿ, ಫೋನಿನಿಂದ ತಲೆ ಎತ್ತದೆ. ಹೊರಗೆ ಜಯನಗರದಲ್ಲಿ ಜಿಟಿಜಿಟಿ ಮಳೆ. ಸ್ವೆಟರ್ ಸಾಲದು ಅಂತ ಮಫ್ಲರ್ ಬೇರೆ ಸುತ್ತಿಕೊಂಡಿದ್ದರು.

"ಎಲ್ರೀ ಧಗೆ?" ಗುಂಡಣ್ಣ ಕೇಳಿದರು.

"ಅಮೆರಿಕದ ಡಾಲಸ್‌ನಲ್ಲಿ. ವಿಪಿಎನ್ ಅಂತ ಆಪ್ ಹಾಕಿಸಿದ್ದೀನಲ್ಲ, ನಮ್ಮ ಇಂಟರ್‌ನೆಟ್ಟನ್ನ ಗುಟ್ಟಾಗಿ ಬೇರೆ ಊರಿನ ಸರ್ವರ್ ಮೂಲಕ ಕಳಿಸುತ್ತೆ. ಇಂಟರ್‌ನೆಟ್ ಲೆಕ್ಕದಲ್ಲಿ ನಾನೀಗ ಅಲ್ಲೇ ಇರೋದು. ನನ್ನ ಗುಟ್ಟು ಇನ್ನು ಯಾರಿಗೂ ಸಿಗಲ್ಲ."

"ಯಾವ ಗುಟ್ಟು?" ಜಲಜಕ್ಕ ಕಾಫಿ ಆರಿಸುತ್ತಾ ಕೇಳಿದರು.

ರಾಮೂರ್ತಿ ಪಾಪ, ನಿಜವಾಗಿಯೂ ಯೋಚಿಸಿದರು. "ಸದ್ಯಕ್ಕೆ ಯಾವುದೂ ಇಲ್ಲ. ಮುಂದೆ ಬಂದರೆ ಇರಲಿ ಅಂತ."

"ಹಾಲಿನ ಲೆಕ್ಕ, ಬಿಪಿ ಮಾತ್ರೆ ಆರ್ಡರ್ರು. ಅದಕ್ಕೆ ಮಿಲಿಟರಿ ಕಾವಲು!"

"ತಮಾಷೆ ಅಲ್ಲ ಅಕ್ಕ. ಹೋಟೆಲ್ ವೈಫೈನಲ್ಲಿ ಬ್ಯಾಂಕ್ ಕೆಲಸ ಮಾಡಿದರೆ ಕದೀತಾರಂತೆ. ಯೂಟ್ಯೂಬ್‌ನಲ್ಲಿ ಅಡುಗೆ ಹೇಳಿಕೊಡೋ ಹುಡುಗಿ ಕೂಡ ಹೇಳಿದಳು."

"ಒಗ್ಗರಣೆ ಸೀದುಹೋಗ್ತಿದ್ದರೂ ನಿಲ್ಲಿಸಿ ಹೇಳ್ತಾಳೆ. ವಿಪಿಎನ್ ಕಂಪನಿಯವರು ಅದಕ್ಕೇ ಅವಳಿಗೆ ದುಡ್ಡು ಕೊಡೋದು. ಬ್ಯಾಂಕ್ ಸೈಟಿಗೆ ಎಚ್‌ಟಿಟಿಪಿಎಸ್ ಬೀಗ ಆಗಲೇ ಇದೆ ರಾಮೂರ್ತಿ. ವೈಫೈನವನಿಗೆ ನೀವು ಯಾವ ಸೈಟಿಗೆ ಹೋದಿರಿ ಅಂತ ಕಾಣಬಹುದು, ಒಳಗೆ ಏನು ಬರೆದಿರಿ ಅಂತ ಕಾಣಲ್ಲ. ಇನ್ನು ಓಟಿಪಿ ನೀವೇ ಬಾಯಿಬಿಟ್ಟು ಹೇಳಿದರೆ, ಯಾವ ವಿಪಿಎನ್ ಬಂದು ನಿಮ್ಮ ಬಾಯಿ ಮುಚ್ಚಿಸುತ್ತೆ?"

"ವಿಪಿಎನ್ ಇದ್ದರೆ ಯಾವ ಸೈಟು ಅನ್ನೋದೂ ಗೊತ್ತಾಗಲ್ವಲ್ಲ!"

"ವೈಫೈನವನಿಗೆ ಗೊತ್ತಾಗಲ್ಲ, ವಿಪಿಎನ್ ಕಂಪನಿಗೆ ಗೊತ್ತಾಗುತ್ತೆ. ನಾನು ಟ್ರಂಕ್ ಎಕ್ಸ್‌ಚೇಂಜ್‌ನಲ್ಲಿದ್ದಾಗ ಜನ ಪಕ್ಕದ ಮನೆಯವರಿಗೆ ಕೇಳಿಸೀತು ಅಂತ ರಿಸೀವರಿಗೆ ಕೈ ಅಡ್ಡ ಇಟ್ಟು ಪಿಸುಗುಟ್ಟೋರು. ಮಧ್ಯದಲ್ಲಿ ನಾನಿದ್ದೆನಲ್ಲ! ಹೆಣ್ಣಿನ ಕಡೆಯವರು ಒಪ್ಪಿದರೋ ಇಲ್ಲವೋ ಅನ್ನೋದು ಎಷ್ಟೋ ಸಲ ಗಂಡಿನ ಅಪ್ಪನಿಗಿಂತ ಮೊದಲು ನನಗೆ ಗೊತ್ತು. ಈ ಕಂಪನಿ ಕೂತಿರೋದು ನನ್ನ ಕುರ್ಚಿಯಲ್ಲಿ."

"ಅವರು ಏನೂ ಬರೆದಿಟ್ಟುಕೊಳ್ಳಲ್ವಂತೆ ಅಕ್ಕ. ನೋ ಲಾಗ್ಸ್."

"ನಾನೂ ಹಾಗೇ ಹೇಳ್ತಿದ್ದೆ."

ಗುಂಡಣ್ಣನಿಗೆ ಬೇರೆ ಚಿಂತೆ. "ಅಲ್ರೀ, ಫ್ರೀ ಸಿಗುತ್ತಂತಲ್ಲ. ದುಡ್ಡು ಯಾಕೆ ಸುರೀಬೇಕು?"

"ಹೋಲಾ ಅಂತ ಒಂದು ಫ್ರೀ ಇತ್ತು. ಜನರ ಇಂಟರ್‌ನೆಟ್ಟನ್ನೇ ಬೇರೆಯವರಿಗೆ ಮಾರ್ತಿತ್ತು, 2015ರಲ್ಲಿ ಬಯಲಾಯ್ತು. ಫೇಸ್‌ಬುಕ್‌ನವರದು ಒನಾವೋ ಅಂತ ಇತ್ತು. ಕಾಪಾಡ್ತೀನಿ ಅಂತ ಬಂದು, ಜನ ಯಾವ ಆಪ್ ಎಷ್ಟು ಹೊತ್ತು ನೋಡ್ತಾರೆ ಅಂತ ಯಜಮಾನನಿಗೆ ಹೇಳ್ತಿತ್ತು. 2018ರಲ್ಲಿ ಆಪಲ್‌ನವರ ಕಾಟಕ್ಕೆ ಅವರ ಅಂಗಡಿಯಿಂದ ಹೊರಟಿತು. ಫ್ರೀ ಬೇಕೇ ಬೇಕು ಅಂದರೆ ಪ್ರೋಟಾನ್‌ನಂಥವು ಇವೆ. ದುಡ್ಡು ಕೊಡೋ ಗಿರಾಕಿಗಳ ಖರ್ಚಲ್ಲಿ ನಡೆಯುತ್ತೆ."

"ಬೇರೆಯವರ ಖರ್ಚಲ್ಲಿ!" ಗುಂಡಣ್ಣನ ಮುಖ ಅರಳಿತು.

"ನಾನು ಸುಮ್ನೆ ತಗೊಂಡಿಲ್ಲ, ಎಲ್ಲಾ ಓದಿ ತಗೊಂಡೆ" ಎಂದರು ರಾಮೂರ್ತಿ. "ಟಾಪ್ ಟೆನ್ ಪಟ್ಟಿ ನೋಡಿ."

"ಪಟ್ಟಿ ಮಾಡಿದೋರು ಯಾರು ಅಂತ ನೋಡಿದಿರಾ? ಕೇಪ್ ಅಂತ ಒಂದು ಕಂಪನಿ. ಸೈಬರ್‌ಗೋಸ್ಟ್ ಅನ್ನೋ ವಿಪಿಎನ್ ಅವರದು. 2021ರಲ್ಲಿ ವಿಪಿಎನ್‌ಗಳಿಗೆ ಮಾರ್ಕ್ಸ್ ಕೊಡೋ ಸೈಟುಗಳನ್ನ ಕೊಂಡರು. ಅದೇ ವರ್ಷ ಎಕ್ಸ್‌ಪ್ರೆಸ್‌ವಿಪಿಎನ್ನೂ ಕೊಂಡರು. ಪರೀಕ್ಷೆ ಬರೆಯೋರೂ ಅವರೇ, ಪೇಪರ್ ತಿದ್ದೋರೂ ಅವರೇ."

"ಹಾಗಾದರೆ ಆರಿಸೋದು ಹೇಗೆ?"

"ಹೊರಗಿನವರಿಂದ ಆಡಿಟ್ ಮಾಡಿಸಿ ವರದಿ ಹೊರಗೆ ಹಾಕಿದ್ದಾರಾ ನೋಡಿ. ಪೊಲೀಸರು ಬಾಗಿಲು ತಟ್ಟಿದಾಗ ಏನಾಯ್ತು ನೋಡಿ. ಸ್ವೀಡನ್‌ನ ಮುಲ್‌ವಾಡ್ ವಿಪಿಎನ್ ಆಫೀಸಿಗೆ 2023ರ ಏಪ್ರಿಲ್‌ನಲ್ಲಿ ಪೊಲೀಸರು ವಾರಂಟ್ ಹಿಡಿದು ಬಂದರು. ಗಿರಾಕಿಗಳ ವಿವರ ನಮ್ಮ ಹತ್ತಿರ ಇಲ್ಲವೇ ಇಲ್ಲ ಅಂದರು, ಬಂದೋರು ಬರಿಗೈಯಲ್ಲಿ ವಾಪಸ್ಸು. ಅವರದು ತಿಂಗಳಿಗೆ 5 ಯೂರೋ, ಹಬ್ಬ ಹರಿದಿನ ಅಂತ ಏರಲ್ಲ, ಇಳಿಯಲ್ಲ. ನಿಮ್ಮದೆಷ್ಟು?"

"ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 85 ಪರ್ಸೆಂಟ್ ಕಡಿತ. ಅದೂ ಅವತ್ತೇ ಕೊನೇ ದಿನ ಇತ್ತು."

"ಇವತ್ತು ನೋಡಿ, ಇವತ್ತೂ ಕೊನೇ ದಿನವೇ ಇರುತ್ತೆ. ಆಷಾಢ ಸೇಲ್ ಆದರೂ ಶ್ರಾವಣ ಬಂದರೆ ಮುಗಿಯುತ್ತಪ್ಪ."

ಜಲಜಕ್ಕನ ಜೊತೆ ವಾದಕ್ಕಿಳಿಯೋರ ಗತಿಯೇ ಇಷ್ಟು. ರಾಮೂರ್ತಿ ಮಫ್ಲರ್ ಬಿಗಿ ಮಾಡಿಕೊಂಡರು. "ಹಾಗಾದರೆ ಇದು ಯಾರಿಗೂ ಬೇಡವೇ ಬೇಡ ಅಂತೀರಾ?"

"ಯಾಕೆ ಬೇಡ? ಆಫೀಸಿನವರಿಗೆ ಬೇಕು. ಚೀನಾಕ್ಕೆ ಹೋದೋರಿಗೆ ಬೇಕು, ಅಲ್ಲಿ ವಾಟ್ಸಾಪ್ ಕೂಡ ತೆರೆಯಲ್ಲ. ಗೂಗಲ್‌ಗೆ ಸ್ವಂತ ಹೆಸರಲ್ಲೇ ಲಾಗಿನ್ ಆಗಿ ಊರು ಮಾತ್ರ ಬಚ್ಚಿಡೋ ನಿಮಗೆ ಯಾಕೆ ಅಂತ ಕೇಳಿದೆ."

"ಮಗನೂ ತಗೋ ಅಪ್ಪಾ ಅಂದ. ಒಂದು ಅಕೌಂಟಿಗೆ ಹತ್ತು ಡಿವೈಸು. ಡಾಲಸ್‌ನಲ್ಲಿ ಅವನು ಇಂಡಿಯಾ ಸರ್ವರ್ ಹಾಕಿಕೊಂಡು ಕನ್ನಡ ಸೀರಿಯಲ್ ನೋಡ್ತಾನೆ. ಒಂದು ದಿನ ಬರುತ್ತಂತೆ, ಒಂದು ದಿನ ಬರಲ್ವಂತೆ."

"ಆ ಸರ್ವರ್ ಇಂಡಿಯಾದಲ್ಲಿ ಇರೋದೂ ಅನುಮಾನವೇ. ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್ ಐದು ವರ್ಷ ಇಟ್ಟುಕೊಳ್ಳಿ ಅಂತ 2022ರಲ್ಲಿ ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ವಿಪಿಎನ್‌ಗಳಿಗೆ ಹೇಳಿತು. ದೊಡ್ಡ ಕಂಪನಿಗಳು ಇಲ್ಲಿನ ಸರ್ವರ್ ಕಿತ್ತುಕೊಂಡು ಹೋದವು. ಈಗ ಎಷ್ಟೋ ಕಂಪನಿಗಳ ಇಂಡಿಯಾ ಇರೋದು ಸಿಂಗಾಪುರದಲ್ಲಿ."

"ಅಂದರೆ ಅವನು ಸಿಂಗಾಪುರದಲ್ಲಿ..."

"ಇಂಡಿಯಾದಲ್ಲಿದ್ದಾನೆ. ನೀವು ಜಯನಗರದಲ್ಲಿ ಕೂತು ಡಾಲಸ್‌ನಲ್ಲಿದ್ದೀರಿ. ಅಪ್ಪ ಮಗನ ಊರಲ್ಲಿ, ಮಗ ಅಪ್ಪನ ಊರಲ್ಲಿ. ಭೇಟಿ ಒಂದು ಆಗಲಿಲ್ಲ ನೋಡಿ."

ರಾಮೂರ್ತಿ ನಗಲಿಲ್ಲ. "ಅವನಿಗೆ ಬರೋಂಥ ಜಾಹೀರಾತೇ ನನಗೂ ಬರುತ್ತೆ ಅಕ್ಕ. ಛಾವಣಿ ರಿಪೇರಿ, ಹುಲ್ಲು ಕತ್ತರಿಸೋ ಮೆಷಿನ್ನು. ಅವನ ಮನೆ ಮುಂದೆ ಹುಲ್ಲಿದೆಯಂತೆ. ನಾನಿನ್ನೂ ನೋಡಿಲ್ಲ. ಒಂದು ಮೆಷಿನ್ನಿನ ರೇಟ್ ಮೊನ್ನೆ ಇಳಿದಿತ್ತು, ಫೋನ್ ಮಾಡಿ ಹೇಳಿದೆ."

"ಏನಂದ?"

"ಈಗಾಗಲೇ ಒಂದಿದೆ ಅಪ್ಪಾ ಅಂದ."

ಜಲಜಕ್ಕ ಈ ಸಲ ಏನೂ ಹೇಳಲಿಲ್ಲ. ತಮ್ಮ ವಡೆಯ ಅರ್ಧ ಮುರಿದು ರಾಮೂರ್ತಿಯ ತಟ್ಟೆಗೆ ಹಾಕಿದರು.

ಬಿಲ್ ಬಂತು. ನಾನೇ ಕೊಡ್ತೀನಿ ಅಂತ ರಾಮೂರ್ತಿ ಕ್ಯೂಆರ್ ಕೋಡಿಗೆ ಫೋನ್ ಹಿಡಿದರು. ಮೊದಲು ವಿಪಿಎನ್ ಆಫ್ ಮಾಡಿ ಅಂತ ಬ್ಯಾಂಕ್ ಆಪ್ ಹಟ ಹಿಡಿಯಿತು. ಆಫ್ ಮಾಡೋ ಬಟನ್ ಎಲ್ಲಿದೆ ಅಂತ ಮಗನನ್ನೇ ಕೇಳಬೇಕು. ಅಲ್ಲಿ ಈಗ ರಾತ್ರಿ.

ಗುಂಡಣ್ಣ ಕಿಸೆಗೆ ಕೈ ಹಾಕಿದರು. ನೋಟುಗಳು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ ಹೊರಗೆ ಬಂದವು. ಚಿಲ್ಲರೆ ಎಣಿಸಿ ಒಳಗಿಟ್ಟುಕೊಂಡ ಮೇಲೆ ಕೇಳಿದರು:

"ರಾಮೂರ್ತಿ, ಹತ್ತು ಡಿವೈಸು ಅಂದಿರಲ್ಲ. ಅದರಲ್ಲಿ ಒಂದು ಇನ್ನು ನನ್ನದು. ಊರು ಯಾವುದಾದರೂ ಪರವಾಗಿಲ್ಲ."